ಮೊಟ್ಟೆ ಗಾಡಿಯ ನಡುಕ

“ಮುಟ್ಟಬ್ಯಾಡಲೇ ಫಕೀರ್ಯಾ! ಅದರೊಳಗ ವಿಜ್ಞಾನ ಐತಿ!”

ಚನ್ನವೀರ ಕಾಕಾ ನನ್ನ ಕೈಯ ಮೇಲೆ ರಪ್ಪನೆ ಹೊಡೆದ. ನಾನು ಮುಟ್ಟಲು ಹೋಗಿದ್ದು ವಿಜ್ಞಾನವನ್ನಲ್ಲ, ಅದರ ಮೇಲೆ ಕೂತಿದ್ದ ನೊಣವನ್ನು. ನೊಣ ಹಾರಿಹೋಯಿತು, ವಿಜ್ಞಾನ ಅಲ್ಲೇ ಉಳಿಯಿತು. ಮೆರವಣಿಗೆಯ ದೊಡ್ಡ ಸ್ಪೀಕರಿನ ಹೊಟ್ಟೆ, ಅದರ ನೆತ್ತಿಗೆ ಕಾಕಿಯ ಮಿಕ್ಸರಿನ ಜಾರು, ಜಾರಿನೊಳಗೆ ಗೋಡೆ ಗಡಿಯಾರದಿಂದ ಕಿತ್ತ ಒಂದು ಮುಳ್ಳು, ಪಕ್ಕದಲ್ಲಿ ಡಾಕ್ಟರು ಎದೆಗಿಡುವಂಥ ರಬ್ಬರ್ ಕೊಳವೆ. ಇವೆಲ್ಲ ಸೇರಿ ಆದದ್ದು ‘ಕಂಪನಾಂತಕ’. ಹೆಸರನ್ನು ಕಾಕಾ ಕೆಂಪು ಬಣ್ಣದಲ್ಲಿ ಬರೆಸಿದ್ದ. ಯಂತ್ರ ಮುಗಿಯುವ ಮೊದಲೇ ಬರೆಸಿದ್ದ.

“ಜಾರು ಕೊಡ್ರಿ ಅಂತ ಮುಂಜಾನಿಂದ ಬಡಕೊಳ್ಳಾಕತ್ತೀನಿ! ಚಟ್ನಿ ಏನ್ ನಿಮ್ಮ ತಲಿ ಮ್ಯಾಲೆ ಅರೀಲೇನು?” ಒಳಗಿನಿಂದ ನೀಲವ್ವ ಕಾಕಿ ಗುಡುಗಿದಳು.

“ಜಗತ್ತು ನಡಗಾಕತ್ತೈತಿ, ಇಕೀಗೆ ಚಟ್ನಿ ಚಿಂತಿ!”

“ಜಗತ್ತಲ್ಲ ಕಾಕಾ, ಪಿಕಪ್ಪು,” ಅಂದೆ. ನನಗೆ ನಗುವ ಮನಸ್ಸಿರಲಿಲ್ಲ.

ಆ ಪಿಕಪ್ಪು ಶಿವಪುತ್ರಪ್ಪ ಸಾಹುಕಾರನದು. ಗದಗಿನ ಹೊರಗಿರುವ ಅವನ ಕೋಳಿ ಫಾರ್ಮಿನಿಂದ ಹುಬ್ಬಳ್ಳಿಗೆ ಮೊಟ್ಟೆ ಒಯ್ಯುವುದು ನನ್ನ ಕೆಲಸ. ಒಂಬತ್ತನೇ ಇಯತ್ತೆಯನ್ನು ಅರ್ಧಕ್ಕೆ ಬಿಟ್ಟವನಿಗೆ ಈ ಊರು ಕೊಟ್ಟ ಮರ್ಯಾದೆ ಅಂದರೆ ಆ ಸ್ಟೇರಿಂಗ್ ಒಂದೇ. ಉಳಿದ ಕಡೆ ‘ಏ ಹುಡುಗ’. ಸೀಟಿನಲ್ಲಿ ಕೂತರೆ ‘ಡ್ರೈವರ್ ಸಾಹೇಬ್ರ’. ಅಂಥ ಗಾಡಿಗೆ ಈಚೆಗೆ ನಡುಕ ಹತ್ತಿತ್ತು. ಐವತ್ತರವರೆಗೆ ಒಳ್ಳೆ ಸಂಭಾವಿತ. ಅರವತ್ತು ಮುಟ್ಟಿತೋ, ಸೀಟು, ಬಾಗಿಲು, ನನ್ನ ದವಡೆ ಎಲ್ಲಾ ಗಡಗಡ! ಹುಬ್ಬಳ್ಳಿಯಲ್ಲಿ ಇಳಿಸುವಾಗ ಅಡಿಯ ಟ್ರೇಗಳಲ್ಲಿ ಮೊಟ್ಟೆ ಹುಡುಕಬೇಕಾಗಿತ್ತು. ಆಮ್ಲೆಟ್ಟು ಮಾತ್ರ ಬೇಕಾದಷ್ಟು ಸಿಗುತ್ತಿತ್ತು.

ಮೆಕ್ಯಾನಿಕ್ಕುಗಳು ಗೇರ್‌ಬಾಕ್ಸಿನ ರಬ್ಬರ್ ಬದಲಿಸಿದರು. ಶಾಫ್ಟಿನ ಕ್ರಾಸ್ ಬದಲಿಸಿದರು. ಕ್ಲಚ್ ಪ್ಲೇಟ್ ಇಳಿಸಿ ನೋಡಿ ಹಾಗೇ ಏರಿಸಿದರು. ನಡುಕ ಹೋಗಲಿಲ್ಲ. ಕೊನೆಗೆ ಸಾಹುಕಾರ ತಾನೇ ತೀರ್ಪು ಕೊಟ್ಟ. “ಗಾಡಿ ಚಲೋ ಐತಿ. ಓಡಸಾಂವ ಹಲ್ಕಟ್ಟ ಅದಾನ.”

ಅದಕ್ಕೇ ನಾನು ಕಾಕಾನ ಬಾಗಿಲಿಗೆ ಬಂದದ್ದು. ಕಾಕಾನದು ಸೌಂಡ್ ಸಿಸ್ಟಮ್ ಬಾಡಿಗೆ ಅಂಗಡಿ. ಒಮ್ಮೆ ಅವನ ಸ್ಪೀಕರಿನ ಅಬ್ಬರಕ್ಕೆ ಪೊಲೀಸ್ ಫೌಜದಾರರ ಮನೆಯ ಕಿಟಕಿ ಗಾಜು ಉದುರಿದ ಮೇಲೆ ಅಂಗಡಿ ತಣ್ಣಗಾಗಿ, ಕಾಕಾ ಸಂಶೋಧಕನಾಗಿದ್ದ.

“ಹಾಕಲೇ ಗೇರು!” ಕಾಕಾ ಆಜ್ಞೆ ಮಾಡಿದ.

ಹಿಂದಿನ ಗಾಲಿಗಳನ್ನು ಜಾಕಿನ ಮೇಲೆ ಎತ್ತಿ ನಿಲ್ಲಿಸಿದ್ದೆವು. ಅರವತ್ತಕ್ಕೆ ಏರಿಸಿದೆ. ಗಾಡಿ ನಡುಗತೊಡಗಿತು. ನ್ಯೂಟ್ರಲ್ಲಿಗೆ ಹಾಕಿ ಎಕ್ಸಿಲೇಟರ್ ಬಿಟ್ಟೆ. ಗಾಲಿ ತಿರುಗುವವರೆಗೂ ನಡುಕ ಇತ್ತು.

“ಅಂದ್ರ ಇಂಜಿನ್ನಿಂದಲ್ಲ! ಗೇರ್‌ಬಾಕ್ಸಿನ ಹಿಂದಿಂದು!” ಕಾಕಾ ನೆಲಕ್ಕೆ ಅಂಗಾತ ಮಲಗಿ ಕೊಳವೆಯನ್ನು ಒಂದೊಂದು ಭಾಗಕ್ಕೂ ಹಿಡಿದ. ಯಾವುದಕ್ಕೂ ಮುಳ್ಳು ಬಗ್ಗಲಿಲ್ಲ. ಆಮೇಲೆ ನಿಧಾನವಾಗಿ ತಿರುಗಿ, ಗಾಡಿಯನ್ನು ಬಿಟ್ಟು, ಬಡಾವಣೆಯ ಕಡೆ ಮುಖ ಮಾಡಿ ನಿಂತುಬಿಟ್ಟಿತು! ಯಂತ್ರವನ್ನು ಅತ್ತ ತಿರುಗಿಸಿದರೂ, ಇತ್ತ ತಿರುಗಿಸಿದರೂ ಅದೇ ದಿಕ್ಕು.

“ಕೆಟ್ಟೈತಿ,” ಅಂದ ಕಾಕಾ, ಮುಖ ಸಣ್ಣದು ಮಾಡಿಕೊಂಡು.

“ಕೆಟ್ಟಿಲ್ಲ ಕಾಕಾ. ಅಲ್ಲಿರೂದು ಸಾವ್ಕಾರನ ಮನಿ.”

ಹೇಳುತ್ತಿದ್ದಂತೆ ನನಗೇ ಹೊಳೆಯಿತು. ಹೆಚ್ಚು ಟ್ರೇ ಹೇರಬೇಕೆಂದು ಸಾಹುಕಾರ ಹಿಂದಿನ ಗಾಲಿಯ ಸ್ಪ್ರಿಂಗಿಗೆ, ಅಂದರೆ ಕಮಾನಿಗೆ, ಹೆಚ್ಚಿನ ಉಕ್ಕಿನ ಪಟ್ಟಿ ಹಾಕಿಸಿದ್ದ. ಅಂದಿನಿಂದಲೇ ನಡುಕ! ಪಟ್ಟಿ ಏರಿತು, ಗಾಡಿಯ ಕುಂಡಿ ಮೇಲೆದ್ದಿತು, ಗೇರ್‌ಬಾಕ್ಸಿನಿಂದ ಹಿಂದಿನ ಗಾಲಿಗೆ ಹೋಗುವ ಶಾಫ್ಟು ಸೊಟ್ಟಗಾಯಿತು. ಸೊಟ್ಟಗಿದ್ದದ್ದು ಜೋರಾಗಿ ತಿರುಗಿದರೆ ಕುಣಿಯದೆ ಇನ್ನೇನು ಮಾಡೀತು?

ಓಡಿಹೋಗಿ ಸಾಹುಕಾರನಿಗೆ ಹೇಳಿದೆ. ಅವನು ಹಲ್ಲಿನ ಸಂದಿಯಿಂದ ಅಡಿಕೆ ಚೂರು ತೆಗೆಯುತ್ತ ಕೇಳಿದ.

“ಪಟ್ಟಿ ತಗಿಬೇಕಂತಿ?”

“ಹೌದ್ರೀ ಸಾವ್ಕಾರ್ರ. ತಗದ್ರ ನಡುಕ ನಿಲ್ತೈತ್ರಿ.”

“ಒಂಬತ್ತನೇತ್ತ ಪಾಸಾಗದಾಂವ ನನಗ ಸಾಲಿ ಕಲಸ್ತಿಯೇನ್ಲೇ? ಪಟ್ಟಿ ಅಲ್ಲೇ ಇರ್ತೈತಿ. ಶುಕ್ರವಾರ ಒಂದ ಮೊಟ್ಟಿ ಒಡದ್ರೂ ಕೀಲಿ ಇಟ್ಟು ಹೊಂಡು. ನಿನ್ನಂಥಾವ್ರು ಬಸ್‌ಸ್ಟ್ಯಾಂಡಿನ್ಯಾಗ ಕುರಿ ಬಿದ್ದಂಗ ಬಿದ್ದಾರ.”

ನನ್ನ ಮೈಯೆಲ್ಲ ಉರಿಯಿತು. ಆದರೆ ಬಾಯಿಂದ ಬಂದದ್ದು “ಆತ್ರಿ”. ನಮ್ಮಂಥವರ ಸಿಟ್ಟು ಬಾಯಿಗೆ ಬರುವಷ್ಟರಲ್ಲಿ ‘ರೀ’ ಅಂಟಿಸಿಕೊಂಡುಬಿಡುತ್ತದೆ.

ಕಾಕಾ ಮಾತ್ರ ಖುಷಿಯಾದ. “ಹುಡುಕೂದು ಒಂದನೇ ಬಟನ್ ಆತು. ಈಗ ಎರಡನೇದು! ನಡುಕಾನ ಗಾಡಿಯಿಂದ ಜಗ್ಗಿ ತಗಿಯೂದು!”

“ತಗದು ಎಲ್ಲಿ ಹಾಕ್ತಿ?”

“ಗಾಳ್ಯಾಗ!”

ಬಟನ್ ಒತ್ತಿದ. ಪಿಕಪ್ಪು ಅರವತ್ತರಲ್ಲೂ ಎಮ್ಮೆಯಂತೆ ತಣ್ಣಗೆ ನಿಂತಿತು. ನಾನು ಕುಣಿಯಬೇಕೆಂದಿದ್ದೆ. ಅಷ್ಟರಲ್ಲಿ ಅಡಿಗೆ ಮನೆಯಲ್ಲಿ ಜಾತ್ರೆ! ತಾಟು, ತಂಬಿಗೆ, ಬೋಗುಣಿಗಳೆಲ್ಲ ಹಲಗೆಯಿಂದ ಧುಮುಕಿ, ಸಾಲಾಗಿ ಹೊಸ್ತಿಲು ದಾಟಿ, ಓಣಿಗೆ ಇಳಿದವು! ಹಿಂದೆ ಕಾಕಿ, ಕೈಯಲ್ಲಿ ಲಟ್ಟಣಿಗೆ.

“ನಿಮ್ಮ ಮಸಿನ್ನಿಗೆ ಬೆಂಕಿ ಹಚ್ಚಲಿ! ನನ್ನ ತವರಿನ ಬಾಂಡೆ ಗಟಾರದಾಗ ಹೊಂಟಾವ!”

“ತಡಿಯ, ದಿಕ್ಕು ಬದಲಸ್ತೀನಿ!” ಕಾಕಾ ಜಾರನ್ನು ಅರ್ಧ ಸುತ್ತು ತಿರುಗಿಸಿದ.

ಬಾಂಡೆಗಳು ದಾರಿಯಲ್ಲೇ ನಿಂತವು. ನಡುಕ ಪಕ್ಕದ ಕಟಿಂಗ್ ಅಂಗಡಿಯ ಕುರ್ಚಿಗೆ ಹೋಯಿತು. ಕುರ್ಚಿಯಲ್ಲಿ ಮರುದಿನ ಲಗ್ನವಿದ್ದ ಮದುಮಗ, ಮುಖದ ತುಂಬ ನೊರೆ. ಅವನು ಹೊರಗೆ ಬಂದಾಗ ಎಡಗಡೆ ಮೀಸೆ ಇತ್ತು, ಬಲಗಡೆ ಇರಲಿಲ್ಲ. ಅವನ ಕಡೆಯವರು ಹುಡುಕಿಕೊಂಡು ಬಂದದ್ದು ಕಾಕಾನನ್ನಲ್ಲ, ನನ್ನನ್ನು! ಗಾಡಿ ನನ್ನದಂತೆ! ನಡುಗುವಾಗ ಮಾತ್ರ ಗಾಡಿ ನನ್ನದು.

ಏಟು ತಿಂದ ಬೆನ್ನಿಗೆ ಕಾಕಿ ಎಣ್ಣೆ ಹಚ್ಚುತ್ತಿದ್ದಾಗ ಕಾಕಾ ವಿಚಾರ ಮಾಡಿ ಹೇಳಿದ. “ನಡುಕ ಸಾಯಂಗಿಲ್ಲಲೇ. ಅದಕ್ಕೊಂದು ಮನಿ ಬೇಕು. ಅದು ಹುಟ್ಟಿದ ಜಾಗಾಕ್ಕ ವಾಪಸ್ ಕಳಿಸಿಬಿಡೂಣು. ಎಷ್ಟ ದೂರ ಇದ್ರೂ ಹೊಕ್ಕೈತಿ. ಯಾರಿಗೂ ತ್ರಾಸಿಲ್ಲ.”

“ಹುಟ್ಟಿದ ಜಾಗ ಅಂದ್ರ ಸಾವ್ಕಾರ ಅಲ್ಲೇನ?”

“ಸಾವ್ಕಾರ ಹ್ಯಾಂಗ ಆಗ್ತಾನ? ಪಟ್ಟಿ ತಯಾರಾದ ಫ್ಯಾಕ್ಟರಿ ಇರಬೇಕು.”

ನನ್ನ ಬೆನ್ನು ಉರಿಯುತ್ತಿತ್ತು. ಸಾಹುಕಾರನಾದರೆ ಇನ್ನೂ ಚಲೋ ಅನ್ನಿಸಿತು.

ಶುಕ್ರವಾರ ಕಂಪನಾಂತಕವನ್ನು ಸೀಟಿನ ಪಕ್ಕದಲ್ಲಿ ಕಟ್ಟಿಕೊಂಡು ಹೊರಟೆ. ಅರವತ್ತು, ಅರವತ್ತೈದು, ಎಪ್ಪತ್ತು! ಸ್ಟೇರಿಂಗು ಬೆಣ್ಣೆ! ನಡುವೆ ಅಣ್ಣಿಗೇರಿಯಲ್ಲಿ ಚಹಕ್ಕೆ ನಿಲ್ಲಿಸಿ, ಮತ್ತೆ ಓಡಿಸಿದೆ. ಹುಬ್ಬಳ್ಳಿಯಲ್ಲಿ ಇಳಿಸಿದಾಗ ಒಂದು ಮೊಟ್ಟೆಗೂ ಗೀರು ಬಿದ್ದಿರಲಿಲ್ಲ. ವ್ಯಾಪಾರಿ ಟ್ರೇಗಳನ್ನು ಎರಡೆರಡು ಸಲ ತಿರುವಿ ನೋಡಿ, “ಇವು ನಿಮ್ಮ ಫಾರ್ಮಿನವಾ?” ಎಂದು ಅನುಮಾನಪಟ್ಟ. ನನ್ನ ಕೆಲಸ ಉಳಿಯಿತು! ದಾರಿಯುದ್ದಕ್ಕೂ ಹಾಡುತ್ತ ವಾಪಸ್ ಬಂದೆ.

ಫಾರ್ಮಿನ ಮುಂದೆ ಜನವೋ ಜನ! ಕರ್ಪೂರದ ಹೊಗೆ, ಬೇವಿನ ಸೊಪ್ಪು, ಡೊಳ್ಳು. ನಡುವೆ ಕುರ್ಚಿಯಲ್ಲಿ ಸಾಹುಕಾರ. ಹಣೆ ತುಂಬ ಅರಿಶಿನದ ಭಂಡಾರ, ಕೊರಳಲ್ಲಿ ಹಾರ.

“ಏನಾತವ್ವ?” ಕಸ ಹೊಡೆಯುವ ಶಂಕ್ರವ್ವನನ್ನು ಕೇಳಿದೆ.

“ಚಪ್ಪಲ್ ಬಿಡೋ ಮೊದಲ! ಮುಂಜಾನೆ ಆರತಿ ಹಿಡಕೊಂಡು ನಿಂತಿದ್ರು, ಗಡಗಡಗಡ ನಡುಗಿದ್ರು ನೋಡು! ತಾಯಿ ಬಂದಾಳ ಸಾವ್ಕಾರ್ರ ಮೈಯಾಗ! ನಡುವ ಸ್ವಲ್ಪ ಹೊತ್ತು ಎದ್ದು ಹ್ವಾದ್ಲು. ಕಾಯಿ ಒಡದು ಬೇಡಿಕೊಂಡ್ವಿ, ಮತ್ತ ಬಂದ್ಲು!”

ನಡುವೆ ಸ್ವಲ್ಪ ಹೊತ್ತು ತಾಯಿ ಎಲ್ಲಿಗೆ ಹೋಗಿದ್ದಳೆಂದು ನನಗೆ ಗೊತ್ತಿತ್ತು. ಅಣ್ಣಿಗೇರಿಯಲ್ಲಿ ಚಹ ಕುಡಿಯುತ್ತಿದ್ದಳು.

“ತಾಯಿನೂ ಇಲ್ಲ, ಏನೂ ಇಲ್ಲ!” ನಾನು ಕುರ್ಚಿಯ ಮುಂದೆ ಹೋಗಿ ಚೀರಿದೆ. “ಗಾಡಿ ನಡುಕ ಇದು, ಕಾಕಾನ ಮಸಿನ್ನು ಕಳಿಸಿದ್ದು! ಇವ್ರು ಪಟ್ಟಿ ಹಾಕಿಸಿದ್ದಕ್ಕ ಹುಟ್ಟಿದ ನಡುಕ! ಪಟ್ಟಿ ತಗಸ್ರಿ, ಇವತ್ತ ನಿಲ್ತೈತಿ!”

ಯಾರೋ ನನ್ನ ಕೊರಳಪಟ್ಟಿ ಹಿಡಿದರು. ಇನ್ನೊಬ್ಬ ಕಪಾಳಕ್ಕೆ ಕೊಟ್ಟ. ಎರಡನೆಯ ಏಟು ಬೀಳುವ ಮೊದಲು ಸಾಹುಕಾರ ಕೈ ಎತ್ತಿದ. “ಬಿಡ್ರಿ ಅವನ. ಕೂಸು. ಅವಂಗ ತಾಯಿ ತಿಳಿ ಹೇಳ್ತಾಳ.” ನನ್ನನ್ನು ಒಳಗೆ ಕರೆದೊಯ್ದು ಬಾಗಿಲು ಹಾಕಿದ.

ನನ್ನ ಎದೆ ಹಿಗ್ಗಿತು. ಮೊಟ್ಟೆ ಒಡೆದಿಲ್ಲ, ನಡುಕದ ಮೂಲ ಯಾವುದೆಂದು ಅವನ ಮೈಗೇ ಗೊತ್ತಾಗಿದೆ. ಇನ್ನಾದರೂ ಒಪ್ಪುತ್ತಾನೆ!

“ಪಟ್ಟಿದ ನಡುಕ, ಹೌದಲ್ಲೋ?” ಮೆಲ್ಲಗೆ ಕೇಳಿದ.

“ಹೌದ್ರೀ. ಇವತ್ತ ಬಿಚ್ಚಸ್ತೀನ್ರಿ.”

“ಬಿಚ್ಚೂದಲ್ಲ. ಇನ್ನೊಂದು ಹಾಕಸು.”

ಸಾಹುಕಾರ ಕೊರಳಿನ ಹಾರ ನೆಟ್ಟಗೆ ಮಾಡಿಕೊಂಡ.

“ಇಷ್ಟ ವರ್ಷ ಮೊಟ್ಟಿ ಮಾರಿದೆ. ಒಬ್ಬಾಂವ ನಮಸ್ಕಾರ ಮಾಡಿದ್ದಿಲ್ಲ. ಇವತ್ತ ಮುಂಜಾನಿಂದ ಮಂದಿ ಕಾಲಿಗೆ ಬೀಳಾಕತ್ತಾರ. ಮುನಸಿಪಾಲ್ಟಿ ಮೆಂಬರ್ ಸೈತ ಬಿದ್ದ. ಖಾಲಿ ಗಾಡಿ ಆದ್ರ ಇನ್ನೂ ಜೋರ್ ನಡಗ್ತೈತೇನು?”

“ಹೌದ್ರಿ. ಕುಂಡಿ ಇನ್ನೂ ಮ್ಯಾಲೆ ಏಳ್ತೈತ್ರಿ.” ಛೇ, ಆಗಲೂ ‘ರೀ’!

“ಹಂಗಾದ್ರ ಮೊಟ್ಟಿ ಬ್ಯಾರೆ ಗಾಡ್ಯಾಗ ಹೋಗ್ಲಿ. ನೀ ಮಂಗಳವಾರ, ಶುಕ್ರವಾರ ಖಾಲಿ ಓಡಸು. ಆರತಿ ಟೈಮಿಗೆ ಸರಿಯಾಗಿ ಅರವತ್ತರ ಮ್ಯಾಲಿರಬೇಕು. ಕೀಲಿ ನಿನ್ನ ಹತ್ರನ ಇರ್ಲಿ, ಕಾಯಂ.”

ಕಾಕಾನಾದರೂ ನಿಜ ಹೇಳಿಯಾನು ಅಂದುಕೊಂಡೆ. ಅಂಗಡಿಗೆ ಹೋದರೆ ಅವನು ಸ್ಪೀಕರುಗಳ ಧೂಳು ಒರೆಸುತ್ತಿದ್ದ. ಸಾಹುಕಾರನ ಭಜನೆಗೆ ಇಡೀ ವರ್ಷ ಅವನದೇ ಸೌಂಡು! “ಸುಮ್ನಿರಲೇ ಫಕೀರ್ಯಾ,” ಅಂದ, ನನ್ನ ಕಡೆ ನೋಡದೆ. “ವಿಜ್ಞಾನಕ್ಕ ಸ್ವಲ್ಪ ತಾಳ್ಮಿ ಬೇಕು.” ಕಾಕಿಗೆ ಹೊಸ ಮಿಕ್ಸರ್ ಬಂದಿತ್ತು.

ಈಗ ವಾರಕ್ಕೆ ಎರಡು ದಿನ ಗದಗ–ಹುಬ್ಬಳ್ಳಿ ರಸ್ತೆಯಲ್ಲಿ ಖಾಲಿ ಪಿಕಪ್ ಓಡಿಸುತ್ತೇನೆ. ಸ್ಟೇರಿಂಗು ನನ್ನದೇ. ನಾನು ಒಯ್ಯುವುದೇನೂ ಇಲ್ಲ, ತರುವುದೇನೂ ಇಲ್ಲ.

ಕಳೆದ ಮಂಗಳವಾರ ತಡೆದುಕೊಳ್ಳಲಾಗಲಿಲ್ಲ. ನಡುಗಿ ನಡುಗಿ ಅವನ ಮೂಳೆಗಳೆಲ್ಲ ಕಳಚಿ ಬೀಳಲಿ ಎಂದು ನೂರಕ್ಕೆ ಏರಿಸಿದೆ. ಸಾಹುಕಾರ ಕುರ್ಚಿ ಸಮೇತ ನೆಲಬಿಟ್ಟು ಎದ್ದನಂತೆ! ಮರುದಿನವೇ ಗುಡಿಗೆ ಪಾಯ ತೋಡಿದರು. ನನಗೆ ಓವರ್‌ಸ್ಪೀಡಿನ ದಂಡ ಬಿತ್ತು.