ನಮ್ಮವರ ಎಡಗೈ ಮತ್ತು ವಿಮಾನದ ಆಟ

ಅಸಲಿಗಿಂತ ನಕಲು ಚೆನ್ನಾಗಿರಬಹುದು ಎಂಬ ಮಾತನ್ನು ಒಪ್ಪಿಕೊಳ್ಳಲು ನನಗೆ ಅರ್ಧ ಆಯುಷ್ಯಕ್ಕಿಂತ ಹೆಚ್ಚು ಬೇಕಾಯಿತು. ಇದರಲ್ಲಿ ನನ್ನ ತಪ್ಪು ಕಡಿಮೆ. ನಾನು ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿ ಲೆಕ್ಕ ಹೇಳಿಕೊಡುತ್ತಿದ್ದ ಸಿಸ್ಟರ್, ಪಕ್ಕದವಳ ಹಾಳೆ ನೋಡಿ ಬರೆದವರಿಗೆ ಉತ್ತರ ಸರಿಯಿದ್ದರೂ ಸೊನ್ನೆ ಹಾಕುತ್ತಿದ್ದರು. ಪಕ್ಕದವಳು ತಪ್ಪು ಮಾಡಿ, ನಕಲು ಮಾಡಿದವಳು ಅದನ್ನು ತಿದ್ದಿ ಬರೆದಿದ್ದರೂ ಸೊನ್ನೆಯೇ. ಆಮೇಲೆ ಮದುವೆಯಾಗಿ ಬಂದದ್ದು ದಾವಣಗೆರೆಗೆ. ಹೋಟೆಲಿನ ದೋಸೆಗಿಂತ ಮನೆಯ ದೋಸೆ ಚೆನ್ನಾಗಿದೆ ಎಂದು ಈ ಊರಿನ ಗಂಡಸರು ಹೆಂಡತಿಯ ಮೇಲಿನ ಪ್ರೀತಿಗೂ ಸುಳ್ಳು ಹೇಳುವುದಿಲ್ಲ. ನಾನು ಕಾವಲಿಯ ಮೇಲೆ ಎಷ್ಟೇ ಧಾರಾಳವಾಗಿ ಬೆಣ್ಣೆ ಹಾಕಿದರೂ ನಮ್ಮವರು ತಿಂದು, ಕೈ ತೊಳೆದು, ಟವಲಿನಲ್ಲಿ ಒರೆಸಿಕೊಂಡು, "ಪರವಾಗಿಲ್ಲ" ಎನ್ನುತ್ತಿದ್ದರು. ಅದು ಅವರು ಕೊಡುತ್ತಿದ್ದ ಅತಿ ದೊಡ್ಡ ಪದಕ. ಹೀಗಾಗಿ ಮನೆಯಲ್ಲಿ ಆಗುವುದೆಲ್ಲ ಹೊರಗಿನದರ ಬಡ ನಕಲು ಎಂದು ನಾನು ತಣ್ಣಗೆ ನಂಬಿಕೊಂಡಿದ್ದೆ.

ನಮ್ಮವರದು ಈಗ ಮಂಡಿಪೇಟೆಯಲ್ಲಿ ಪೈಪು-ನಲ್ಲಿಗಳ ಅಂಗಡಿ. ಆದರೆ ನಮ್ಮ ಮದುವೆಯ ಹೊತ್ತಿನಲ್ಲಿ ಅವರಿಗೆ ಇದ್ದದ್ದು ಒಂದು ಸಿನಿಮಾ ಟಾಕೀಸಿನ ಪಕ್ಕದ ವಿಡಿಯೋ ಗೇಮ್ ಅಂಗಡಿ. ಬೀರುವಿನಷ್ಟು ಎತ್ತರದ ಮರದ ಪೆಟ್ಟಿಗೆಗಳು, ಎದೆಮಟ್ಟದಲ್ಲಿ ಗಾಜಿನ ಪರದೆ, ಅದರ ಕೆಳಗೆ ಎಡಗಡೆ ಒಂದು ಕೋಲು, ಬಲಗಡೆ ಗುಂಡಿಗಳು. ಎಡಗೈಯಲ್ಲಿ ಕೋಲು ಹಿಡಿದು ವಿಮಾನ ಓಡಿಸಬೇಕು, ಬಲಗೈಯಲ್ಲಿ ಗುಂಡು ಹಾರಿಸಬೇಕು. ಆ ವಿಮಾನದ ಆಟದಲ್ಲಿ ಊರಿಗೇ ನಮ್ಮವರ ಹೆಸರಿತ್ತಂತೆ. ನೋಡಲು ಬಂದ ದಿನ ಮಾವನವರು ಹುಡುಗನ ಗುಣಗಳಲ್ಲಿ ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದ್ದರು. ಆ ಪೆಟ್ಟಿಗೆಯ ಸ್ವಭಾವ ಬಹಳ ಕ್ರೂರ. ನಿಂತು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಆಡುವವನನ್ನು ಕೊಂದು, ಇನ್ನೊಂದು ನಾಣ್ಯಕ್ಕೆ ಬಾಯಿ ತೆರೆದು ನಿಲ್ಲುತ್ತಿತ್ತು. ಆಮೇಲೆ ಟೀವಿಗೆ ಜೋಡಿಸುವ ಪುಟ್ಟ ಪೆಟ್ಟಿಗೆಗಳು ಬಂದವು. ಅವೇ ಆಟಗಳು ಮನೆಯ ನಡುಮನೆಯಲ್ಲಿ. ಬಣ್ಣ ಕಡಿಮೆ, ಸದ್ದು ಕೀರಲು, ಆದರೂ ಜನ ಚಾಪೆ ಹಾಸಿಕೊಂಡು ಮನೆಯಲ್ಲೇ ಕೂತರು. ಅಂಗಡಿ ಮುಚ್ಚಿತು. ಯಂತ್ರಗಳೆಲ್ಲ ಹೋದವು, ವಿಮಾನದ್ದೊಂದನ್ನು ಮಾತ್ರ ಮಾರಲಾರದೆ ಹರಿಹರದಲ್ಲಿರುವ ಅವರ ಅಕ್ಕ ಗಂಗಕ್ಕನ ಮನೆಯಲ್ಲಿಟ್ಟರು. ಟೀವಿಗೆ ಜೋಡಿಸುವ ಆ ನಕಲಿ ಡಬ್ಬಿ ಮಾತ್ರ ನಮ್ಮ ಹೊಸ್ತಿಲು ದಾಟಬಾರದು ಎಂದು ಅವತ್ತೇ ಕಾನೂನಾಯಿತು. ಸೌತೆಕಾಯಿ ಹೆಚ್ಚುವುದರಲ್ಲೇ ದಿನ ಕಳೆಯುತ್ತಿದ್ದ ನನಗೆ ಅದರಿಂದ ಯಾವ ನಷ್ಟವೂ ಆಗಲಿಲ್ಲ.

ಹೋದ ವರ್ಷ ನಮ್ಮವರಿಗೆ ಲಕ್ವ ಹೊಡೆಯಿತು. ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ತಲೆ ಬಾಚಿಕೊಳ್ಳುತ್ತಿದ್ದವರು ಹಾಗೇ ಎಡಕ್ಕೆ ವಾಲಿದರು. ಬಾಚಣಿಗೆ ಮಾತ್ರ ಬಲಗೈಯಲ್ಲಿ ಭದ್ರವಾಗಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ನೋಡಲು ಬಂದವರೆಲ್ಲ ಬಾಳೆಹಣ್ಣು ಕೊಟ್ಟು, ಕುರ್ಚಿ ಎಳೆದುಕೊಂಡು, "ಸದ್ಯ, ಎಡಗೈ" ಎಂದರು. ಬಲಗೈಯಲ್ಲವಲ್ಲ, ಊಟ ಮಾಡಬಹುದು, ಸಹಿ ಹಾಕಬಹುದು ಎಂದು ಸಮಾಧಾನ. ನಾನೂ ತಲೆಯಾಡಿಸಿ ಚಹಾ ಕೊಟ್ಟೆ. ಎಡಗೈ ಎಂದರೆ ನಮ್ಮ ಮನೆಯಲ್ಲಿ ಏನು ಎಂಬುದು ಬಂದವರಿಗೂ ಗೊತ್ತಿತ್ತು, ಪಾಪ, ನೆನಪಾಗಿರಲಿಲ್ಲ. ಇಷ್ಟಲಿಂಗದ ಪೂಜೆಯಲ್ಲಿ ಲಿಂಗ ಕೂರುವುದು ಎಡ ಅಂಗೈಯ ಮೇಲೆ. ನಾನಾದರೆ ಕುಕ್ಕರಿನ ಎರಡು ಸೀಟಿಗಳ ನಡುವೆ ಪೂಜೆ ಮುಗಿಸುವವಳು. ನಮ್ಮವರು ಅವರ ಅಪ್ಪನ ಹಾಗೆ. ಕೈಯನ್ನು ಎದೆಯ ಮಟ್ಟಕ್ಕೆ ತಂದು, ಮೊಣಕೈಗೆ ಯಾವ ಆಧಾರವೂ ಇಲ್ಲದೆ, ರೆಪ್ಪೆ ಬಡಿಯದೆ ಕೂರುವವರು. ಅದಾಗದೆ ಬಾಯಿಗೆ ಒಂದು ಗುಟುಕು ಚಹಾ ಕೂಡ ಹೋಗುವುದಿಲ್ಲ.

ಮನೆಗೆ ಬಂದ ಮರುದಿನ ಸ್ನಾನ ಮಾಡಿಸಿ ಮಣೆಯ ಮೇಲೆ ಕೂರಿಸಿದೆ. ಬಲಗೈಯಿಂದ ಕೊರಳಲ್ಲಿದ್ದ ಪುಟ್ಟ ಕರಡಿಗೆ ತೆರೆದು ಒಳಗಿನ ಲಿಂಗವನ್ನು ಎಡ ಅಂಗೈಯ ಮೇಲಿಟ್ಟುಕೊಂಡರು. ಅಂಗೈ ನಿಧಾನವಾಗಿ ಓರೆಯಾಯಿತು. ಲಿಂಗ ಜಾರಿ ಮಡಿಲಿನ ಪಂಚೆಯ ಮಡಿಕೆಯಲ್ಲಿ ಬಿತ್ತು. ನೆಲಕ್ಕೆ ತಾಗಲಿಲ್ಲ. ಆದರೂ ಅವರು ಬಹಳ ಹೊತ್ತು ಅದನ್ನು ಮುಟ್ಟದೆ ನೋಡಿದರು. ಆಮೇಲೆ ಎತ್ತಿ ಕಣ್ಣಿಗೊತ್ತಿಕೊಂಡು ಕರಡಿಗೆಯೊಳಗಿಟ್ಟು ಮುಚ್ಚಿದರು. ಅವತ್ತಿನಿಂದ ಅದು ಕೊರಳಲ್ಲಿತ್ತು, ತೆರೆಯಲಿಲ್ಲ. ಪೂಜೆಯಿಲ್ಲ ಎಂದ ಮೇಲೆ ನಾಷ್ಟಾ ಇಲ್ಲ. ಮಧ್ಯಾಹ್ನದ ತನಕ ಕೂತು, ಕದ್ದವರ ಹಾಗೆ ಎರಡು ತುತ್ತು ತಿನ್ನುತ್ತಿದ್ದರು. ಬೆಳಗಿನ ಮಾತ್ರೆ ಖಾಲಿ ಹೊಟ್ಟೆಗೆ ಹೋಗಿ ವಾಂತಿಯಾಗುತ್ತಿತ್ತು. ಅಂಗಿಯ ಕಾಲರಿನೊಳಗೆ ಕುತ್ತಿಗೆ ಬೇರೆಯವರದ್ದೇನೋ ಎಂಬಂತೆ ಕಾಣಿಸತೊಡಗಿತು. ಡಾಕ್ಟರು ನನ್ನನ್ನು ಹೊರಗೆ ಕರೆದು, ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಇನ್ನೊಂದು ಸಲ ಲಕ್ವ ಹೊಡೆಯುತ್ತೆ, ಆಗ ನಾವು ಏನೂ ಮಾಡೋಕಾಗಲ್ಲ ಎಂದರು. ಒಳಗೆ ಬಂದು ನಾನು ನಮ್ಮವರಿಗೆ, ಡಾಕ್ಟರು ಚೆನ್ನಾಗಿದ್ದೀರಿ ಅಂದ್ರು ಎಂದೆ. ಕಾನ್ವೆಂಟಿನಲ್ಲಿ ಇದಕ್ಕೆ ಎಷ್ಟು ಸೊನ್ನೆ ಬೀಳುತ್ತಿತ್ತೋ ಗೊತ್ತಿಲ್ಲ.

ಮನೆಗೆ ಬರುತ್ತಿದ್ದ ಫಿಸಿಯೋಥೆರಪಿಯ ಹುಡುಗಿ ಒಂದು ರಬ್ಬರ್ ಚೆಂಡು ಕೊಟ್ಟು ಹಿಂಡಲು ಹೇಳಿದ್ದಳು. ನಮ್ಮವರು ಅದನ್ನು ಸೋಫಾದ ಸಂದಿಗೆ ಸೇರಿಸಿಬಿಟ್ಟರು. ಕೈಗೆ ಇಷ್ಟವಾದ ಕೆಲಸ ಏನಾದರೂ ಕೊಡಿ ಆಂಟಿ ಎಂದಳು. ಆಗ ನನಗೆ ಹರಿಹರದ ಪೆಟ್ಟಿಗೆ ಹೊಳೆಯಿತು. ಎಡಗಡೆಯ ಕೋಲು! ಇಂಥ ಬುದ್ಧಿ ನನಗೆ ವರ್ಷಕ್ಕೊಂದು ಸಲ ಬರುತ್ತದೆ, ಬಂದಾಗ ಜೊತೆಗೆ ಕಷ್ಟವನ್ನೂ ಕರೆತರುತ್ತದೆ.

ಕಾರು ಮಾಡಿಕೊಂಡು ಹರಿಹರಕ್ಕೆ ಹೋದೆವು. ಗಂಗಕ್ಕ ಆ ಯಂತ್ರವನ್ನು ಪಡಸಾಲೆಯಲ್ಲಿ ಕಸೂತಿ ಬಟ್ಟೆ ಹೊದಿಸಿ ನಿಲ್ಲಿಸಿದ್ದಾರೆ. ಮೇಲೆ ಉಪ್ಪಿನಕಾಯಿ ಭರಣಿಗಳು. ವರ್ಷಾವರ್ಷ ಆಯುಧಪೂಜೆಗೆ ಅದಕ್ಕೆ ವಿಭೂತಿ ಹಚ್ಚಿ, ಹಾರ ಹಾಕಿ, ಒಂದು ಸಲ ಸ್ವಿಚ್ಚು ಒತ್ತುತ್ತಾರೆ. ಹಾಗಾಗಿ ಅದಿನ್ನೂ ಬದುಕಿತ್ತು. ಭರಣಿಗಳನ್ನು ಇಳಿಸಿ ಸ್ವಿಚ್ಚು ಒತ್ತಿದರು. ಪರದೆ ಬೆಳಗಿತು. ನಮ್ಮವರ ಮುಖದಲ್ಲಿ ಏನೋ ಒಂದು ಹಾದುಹೋಯಿತು. ಕೋಲು ಬಿಗಿ, ನಿಂತೇ ಆಡಬೇಕು. ನಾನು ಹಿಂದಿನಿಂದ ಸೊಂಟ ಹಿಡಿದುಕೊಂಡೆ. ಎಡಗೈಯ ಬೆರಳುಗಳು ಕೋಲನ್ನು ಸುತ್ತಲೇ ಇಲ್ಲ. ಬರೀ ತೂಕ ಬಿದ್ದಿತು. ವಿಮಾನ ಎಡಮೂಲೆಗೆ ಹೋಗಿ ಅಲ್ಲೇ ನಿಂತಿತು, ನಿಂತಲ್ಲೇ ಸಿಡಿಯಿತು. ಮತ್ತೆ ಅದೇ ಮೂಲೆ, ಮತ್ತೆ ಅದೇ ಬೆಂಕಿ. ಗಂಗಕ್ಕ ಮೊದಲು ನಕ್ಕರು, ಆಮೇಲೆ ನಗುವುದನ್ನು ನಿಲ್ಲಿಸಿದರು. ಸ್ವಿಚ್ಚು ಆರಿಸಿ ಬಟ್ಟೆ ಹೊದಿಸಿದರು.

"ಕೂಡು ಬಸು. ಚಾ ಕುಡಿ," ಎಂದರು ತಮ್ಮನಿಗೆ.

"ಪೂಜಿ ಆಗಿಲ್ಲಕ್ಕ."

"ಇಷ್ಟೊತ್ತಾದ್ರೂ?" ಎಂದು ನನ್ನ ಮುಖ ನೋಡಿದರು. ನಾನು ಭರಣಿಗಳನ್ನು ನೋಡಿದೆ. ವಿಷಯ ತಿಳಿದ ಮೇಲೆ ಗಂಗಕ್ಕ ತಮ್ಮನ ಮುಂದೆ ನೆಲದ ಮೇಲೆ ಕೂತು, ಕೈಲಾಗದಾಗ ತಟ್ಟೆಯೊಳಗೆ ಇಟ್ಟುಕೊಂಡು ಮಾಡುವವರಿದ್ದಾರೆ, ಸ್ವಾಮಿಗಳೂ ಬೇಡ ಅನ್ನುವುದಿಲ್ಲ ಎಂದು ಬಗೆಬಗೆಯಾಗಿ ಹೇಳಿದರು.

"ಅಪ್ಪ ಎಂದಾರ ತಟ್ಟ್ಯಾಗ ಇಟ್ಟಿದ್ನೇನು?" ಎಂದರು ನಮ್ಮವರು.

"ಅಪ್ಪಗ ಲಕ್ವ ಹೊಡದಿರಲಿಲ್ಲಪ್ಪ."

ವಾಪಸು ಬರುವಾಗ ನಮ್ಮವರು ತುಂಗಭದ್ರೆಯ ಕಡೆಗೂ ನೋಡದೆ ಕಣ್ಣು ಮುಚ್ಚಿ ಕೂತಿದ್ದರು. ಮಗುಚಿಟ್ಟ ಎಡಗೈ ಅವರ ಪಕ್ಕದಲ್ಲಿ ಬೇರೆ ಪ್ರಯಾಣಿಕರ ಸಾಮಾನಿನ ಹಾಗೆ ಬಿದ್ದಿತ್ತು.

ಅದೇ ವಾರ ನಾನು ಕಾನೂನು ಮುರಿದೆ. ಪಿ.ಜೆ. ಬಡಾವಣೆಯ ಒಂದು ಅಂಗಡಿಯಲ್ಲಿ ಹಳೇ ಆಟಗಳಿರುವ ಟೀವಿ ಪೆಟ್ಟಿಗೆ ಕೇಳಿದೆ. ಮೊಮ್ಮಗನಿಗಾ ಅಮ್ಮ ಎಂದ ಅಂಗಡಿಯವನು. ಹೌದೆಂದೆ. ಎಷ್ಟು ವಯಸ್ಸು ಎಂದ. ಅರವತ್ತೆರಡು ಎನ್ನಲಾಗದೆ, ಬಹಳ ಹಟ ಮಾಡ್ತಾನೆ ಎಂದಷ್ಟೇ ಹೇಳಿ ತಂದೆ. ನಮ್ಮವರು ಪೆಟ್ಟಿಗೆಯನ್ನು ನೋಡಿ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು. ನಾನೇ ಆಡಲು ಕೂತೆ. ಮೊದಲನೇ ವೈರಿಗೇ ಡಿಕ್ಕಿ ಹೊಡೆದೆ. ಪುನಃ ಅವನಿಗೇ ಹೊಡೆದೆ. ಅವರನ್ನು ಕೆಣಕಲು ಬೇಕೆಂದೇ ಹಾಗೆ ಆಡಿದೆ ಎಂದು ಗಂಗಕ್ಕ ಇವತ್ತಿಗೂ ಹೊಗಳುತ್ತಾರೆ. ನಿಜವೆಂದರೆ ನನಗೆ ಬರುತ್ತಿದ್ದುದೇ ಅಷ್ಟು. ಕೆಲವು ದಿನ ಪೇಪರಿನ ಹಿಂದಿನಿಂದ ನಿಟ್ಟುಸಿರು ಮಾತ್ರ ಬರುತ್ತಿತ್ತು. ಕೊನೆಗೊಂದು ಸಂಜೆ ಪೇಪರು ಇಳಿಯಿತು.

"ಬಾಂಬು ಯಾಕ ಉಳಿಸ್ಕೊಂಡು ಸಾಯ್ತಿ? ಸತ್ತ ಮ್ಯಾಲೆ ಹಾಕ್ತಿಯೇನು? ತಾ ಇಲ್ಲಿ."

ಆಡುವ ಹಿಡಿಕೆಯನ್ನು ಅವರ ಮಡಿಲಲ್ಲಿಟ್ಟೆ. ಎಡ ಹೆಬ್ಬೆರಳು ನಡುಗುತ್ತ ಅದರ ಮೇಲೆ ಕೂತಿತು.

ಮನೆಗೆ ಬಂದ ನಕಲುಗಳಲ್ಲಿ ಬಹುಪಾಲು ಅಸಲಿಗಿಂತ ಕಳಪೆ ಎಂದು ನಮ್ಮವರೇ ಹೇಳುತ್ತಾರೆ, ಅದು ಸರಿಯೂ ಇರಬೇಕು. ಆದರೆ ಇದನ್ನು ಮಾಡಿದವರು ಯಾರೋ ಕೂತು ಯೋಚಿಸಿದವರು. ಇಲ್ಲಿ ನಾಣ್ಯ ಕೇಳುವವರಿಲ್ಲವಾದ್ದರಿಂದ ಕೊಲ್ಲುವ ಅವಸರವೂ ಇಲ್ಲ. ಎಷ್ಟು ಜೀವ ಬೇಕೋ ಅಷ್ಟು ಇಟ್ಟುಕೊಳ್ಳಬಹುದು. ಸತ್ತ ಜಾಗದಿಂದಲೇ ಮತ್ತೆ ಏಳಬಹುದು. ಕಷ್ಟದ ತಿರುವೊಂದನ್ನೇ ಬೇರೆ ತೆಗೆದು ನಿಧಾನವಾಗಿ ಅಭ್ಯಾಸ ಮಾಡಬಹುದು. ಅಸಲಿನಲ್ಲಿ ಇಲ್ಲವೇ ಇಲ್ಲದ ಒಂದು ಹೊಳೆಯ ಮೇಲಿನ ದಾರಿ ಬೇರೆ ಸೇರಿಸಿದ್ದರು. ಇಬ್ಬರು ಜೊತೆಯಲ್ಲಿ ಹಾರಬಹುದಿತ್ತು. ಒಬ್ಬರು ಬಿದ್ದರೆ ಇನ್ನೊಬ್ಬರು ಆಟ ಉಳಿಸಬಹುದು. ನಮ್ಮವರು ಪ್ರತಿಯೊಂದಕ್ಕೂ ಇದು ಮೋಸ ಎಂದರು, ಎಂದುಕೊಂಡೇ ಪ್ರತಿಯೊಂದನ್ನೂ ಬಳಸಿದರು. ಹೆಬ್ಬೆರಳಿಗೆ ಜೀವ ಬಂತು, ಆಮೇಲೆ ಬೆರಳುಗಳಿಗೆ. ನಾನು ಅಡುಗೆಮನೆಯಲ್ಲಿ ದಿನಾ ಲೆಕ್ಕ ಹಾಕತೊಡಗಿದೆ. ಬೆರಳಾಯಿತು, ಇನ್ನು ಅಂಗೈ, ಆಮೇಲೆ ಮಣಿಕಟ್ಟು, ಆಮೇಲೆ ಉಪ್ಪಿಟ್ಟು.

ಫಿಸಿಯೋಥೆರಪಿಯ ಹುಡುಗಿ ಬಂದು ಕೈಯನ್ನು ತಿರುಗಿಸಿ, ಮಡಿಸಿ, ಎತ್ತಿ ಬಿಟ್ಟು ನೋಡಿದಳು. ಬೆರಳು ಇಷ್ಟು ಬಂದಿದ್ದೇ ದೊಡ್ಡದು ಸರ್ ಎಂದಳು. ಮಣಿಕಟ್ಟು? ಎಂದು ನಮ್ಮವರು ಕೇಳಿದರು. ಅವಳು ತನ್ನ ಚೀಲದ ಜಿಪ್ಪು ಎಳೆಯುತ್ತ, ಅದು ಇನ್ನು ಮೇಲಕ್ಕೆ ನಿಲ್ಲೋದು ಕಷ್ಟ ಸರ್, ಇಷ್ಟೇ ಅಂದ್ಕೊಳ್ಳಿ ಎಂದಳು. ಒಳ್ಳೆಯ ಹುಡುಗಿ, ನನ್ನ ಹಾಗೆ ಸುಳ್ಳು ಹೇಳಲಿಲ್ಲ. ಆವತ್ತು ಮಧ್ಯಾಹ್ನದ ಎರಡು ತುತ್ತೂ ಇಳಿಯಲಿಲ್ಲ. ಟೀವಿ ಹಚ್ಚಬೇಡ ಎಂದರು. ಅಂಗಡಿಗೆ ಗಿರಾಕಿ ಬಂದರೆ ಕೇಳುವ ದನಿಯಲ್ಲಿ, ನೀನೊಬ್ಬಳೇ ಇರೋಕಾಗ್ತದೇನು ಎಂದು ನನ್ನನ್ನು ಕೇಳಿದರು. ನಾನು ಕೇಳಿಸದವಳ ಹಾಗೆ ಪಾತ್ರೆಗಳನ್ನು ಜೋಡಿಸಿದೆ. ಬೆಳಿಗ್ಗೆ ತಾನೇ ಜೋಡಿಸಿದ್ದ ಪಾತ್ರೆಗಳವು.

ನನಗೆ ಬೇರೆ ಉಪಾಯವೇನೂ ತಿಳಿಯದೆ, ಕೆಲವು ದಿನ ಬಿಟ್ಟು ಮತ್ತೆ ಒಬ್ಬಳೇ ಆಡಲು ಕೂತೆ. ಅವರೂ ಬಂದು ಪಕ್ಕದಲ್ಲಿ ಕೂತರು. ಎರಡನೇ ಹಿಡಿಕೆ ತೆಗೆದುಕೊಂಡರು. ಅವರು ಬಿದ್ದಾಗ ನಾನು ಹೇಗೋ ಅತ್ತಿತ್ತ ಓಡಿ ಬದುಕಿದೆ, ನಾನು ಬಿದ್ದಾಗ ಅವರು. ಹೀಗೆ ಬಿದ್ದು ಎದ್ದು ಒಂದು ಭಾನುವಾರದ ಮಧ್ಯಾಹ್ನ ಕಡೆಯ ವೈರಿಯೂ ಸುಟ್ಟುಹೋದ. ಹರಿಹರದ ಪೆಟ್ಟಿಗೆ ಅಷ್ಟಾದ ಮೇಲೆ, ಏನೂ ನಡೆದೇ ಇಲ್ಲವೆಂಬಂತೆ ವಿಮಾನವನ್ನು ಮತ್ತೆ ಮೊದಲ ಮೆಟ್ಟಿಲಿಗೆ ತಂದು ಹಾಕುತ್ತಿತ್ತಂತೆ. ಇಲ್ಲಿ ವಿಮಾನ ಒಂದು ಬಯಲಿನಲ್ಲಿ ಇಳಿಯಿತು. ಬಾಗಿಲು ತೆರೆಯಿತು. ಒಬ್ಬ ಮನುಷ್ಯ ಇಳಿದು, ತಲೆಗೆ ಹಾಕಿದ್ದನ್ನು ತೆಗೆದು, ಹುಲ್ಲಿನ ಮೇಲೆ ಕೂತುಕೊಂಡ. ನಮ್ಮವರು ಮುಂದಕ್ಕೆ ಬಾಗಿ ನೋಡಿದರು.

"ಅದರಾಗ ಮನುಷ್ಯಾ ಇದ್ದನೇನು," ಎಂದರು. ಅಷ್ಟು ವರ್ಷ ಅಂಗಡಿ ನಡೆಸಿದವರು. ಆಮೇಲೆ, "ಇದು ಸೇರಿಸಿದ್ದು. ಅಸಲಿನಾಗ ಇಲ್ಲ," ಎಂದರು.

"ಇಲ್ಲದ್ದು ಸೇರಿಸಿದ್ರೆ ತಪ್ಪೇನ್ರಿ?" ಎಂದೆ. ಅವರು ಹಿಡಿಕೆಯನ್ನು ಪಕ್ಕಕ್ಕಿಟ್ಟರು. ನಾನೂ ಗೆದ್ದೆನೆಂದು ಹಿಗ್ಗುವ ಸ್ಥಿತಿಯಲ್ಲಿರಲಿಲ್ಲ. ಬಿಸಿಲಿಗೆ ಒಣಹಾಕಿದ ಸಂಡಿಗೆಯನ್ನು ಒಳಗೆ ತರಬೇಕಿತ್ತು.

ಮರುದಿನ ಬೆಳಿಗ್ಗೆ ಒಳಕೋಣೆಯಿಂದ ಕರೆದರು. ಮಣೆಯ ಮೇಲೆ ಕೂತಿದ್ದರು. ಹಣೆಯಲ್ಲಿ ವಿಭೂತಿ.

"ಸ್ನಾನ ಆಗೈತೇನು?"

"ಆಗೈತ್ರಿ."

"ಹಂಗಾದ್ರೆ ಬಾ, ಕೂಡು. ಕೈ ಕೆಳಗ ಹಿಡಿ."

ಎದುರು ಕೂತು ನನ್ನ ಎರಡೂ ಕೈ ಚಾಚಿದೆ. ತಮ್ಮ ಎಡಗೈಯನ್ನು ಬಲಗೈಯಿಂದ ಎತ್ತಿ ತಂದು ನನ್ನ ಅಂಗೈಗಳ ಮೇಲಿಟ್ಟರು. ತಣ್ಣಗಿತ್ತು, ನಾನು ಅಂದುಕೊಂಡಿದ್ದಕ್ಕಿಂತ ಭಾರವಿತ್ತು. ಕರಡಿಗೆ ತೆರೆದು ಲಿಂಗವನ್ನು ಆ ಅಂಗೈಯ ಮೇಲಿಟ್ಟರು. ನೀರು ಹಾಕಿದರು, ವಿಭೂತಿ ಹಚ್ಚಿದರು, ಒಂದು ಬಿಲ್ವಪತ್ರೆ ಇಟ್ಟರು. ಆಮೇಲೆ ಅವರ ಅಪ್ಪನ ಹಾಗೆ ರೆಪ್ಪೆ ಬಡಿಯದೆ ಕೂತರು. ಪತ್ರೆ ಸಣ್ಣಗೆ ಅದುರುತ್ತಿತ್ತು. ಕಾಯಿಲೆಯ ಕೈ, ಪಾಪ, ಅದೇನು ಮಾಡೀತು ಎಂದುಕೊಂಡು ನಾನು ಇನ್ನಷ್ಟು ಬಿಗಿಯಾಗಿ ಹಿಡಿದೆ. ಅದುರು ಹೆಚ್ಚಾಯಿತು.

"ಅಲ್ಲಾಡಿಸಬ್ಯಾಡ," ಎಂದರು ದೃಷ್ಟಿ ತೆಗೆಯದೆ.

ಕೆಳಗೆ ನೋಡಿದೆ. ಅವರ ಕೈ ಇಟ್ಟಲ್ಲಿ ಇಟ್ಟಹಾಗೇ ಇತ್ತು. ನಡುಗುತ್ತಿದ್ದದ್ದು ನನ್ನದು.

ಪೂಜೆ ಮುಗಿಸಿ ಬಂದು ಉಪ್ಪಿಟ್ಟು ತಿಂದರು, ಮಾತ್ರೆ ನುಂಗಿದರು, ಮಾತ್ರೆ ಹೊಟ್ಟೆಯಲ್ಲೇ ನಿಂತಿತು. ಹೇಗಿದೆ ಉಪ್ಪಿಟ್ಟು ಎಂದು ನಾನು ಕೇಳುವ ಮೊದಲೇ, ಕೈ ತೊಳೆಯಲು ಎದ್ದವರು ಬಾಗಿಲಲ್ಲಿ ನಿಂತು, "ನಾಳೆ ಸರಿಯಾಗಿ ಹಿಡಿ," ಎಂದು ಹೇಳಿ ಹೋದರು. ಈಗ ದಿನವೂ ಹಿಡಿಯುತ್ತಿದ್ದೇನೆ. ದಿನವೂ ಬೈಸಿಕೊಳ್ಳುತ್ತಿದ್ದೇನೆ.