ಸುತ್ತಿಕೊಳ್ಳಲು ಒಪ್ಪದ ಮುಂದಿನ ಹಾಯಿಗೆ

ಗಂಗೆಯ ಮೇಲಿನ ಗಾಳಿಯನ್ನೆಲ್ಲ ಹೊಟ್ಟೆಗೆ ಹಾಕಿಕೊಂಡು ಮೆರೆಯುವ, ನಮ್ಮ ಪುಟ್ಟ ದೋಣಿಯ ಮೂತಿಗೆ ಭೂಷಣಪ್ರಾಯರಾದ ಮುಂದಿನ ಹಾಯಿಯವರ ಸನ್ನಿಧಿಗೆ, ಸೋನಾರ್‌ಪುರದ ವಸುಮತಿಯ ನಮಸ್ಕಾರಗಳು.

ಮಾನ್ಯರೇ,

ತಮ್ಮನ್ನು ಸ್ವಂತ ಕೈಯಿಂದ ಹೊಲಿದ ನಮ್ಮ ಯಜಮಾನರು, ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಹಯವದನರಾಯರು, ಹೋದ ಚಳಿಗಾಲದಲ್ಲಿ ತೀರಿಕೊಂಡರು. ಅವರಿದ್ದಾಗ ನಾನು ಚುಕ್ಕಾಣಿ ಹಿಡಿಯುತ್ತಿದ್ದೆ, ಅವರು ಮೂತಿಗೆ ಹೋಗಿ ತಮ್ಮನ್ನು ಇಳಿಸುತ್ತಿದ್ದರು. ಈಗ ನಾನು ಮೂತಿಗೆ ಹೋದರೆ ಚುಕ್ಕಾಣಿ ಅನಾಥ, ಚುಕ್ಕಾಣಿ ಹಿಡಿದರೆ ತಾವು ನಿರಂಕುಶರು. ಮೈದುನ ಶೇಷಗಿರಿಯವರು, ‘ಅತ್ತಿಗೆ, ಭಾನುವಾರ ಒಬ್ಬರೇ ದೋಣಿಯನ್ನು ದಡಕ್ಕೆ ತಂದು ತೋರಿಸಿ, ಇಲ್ಲವಾದರೆ ಮಾರಿಬಿಡೋಣ’ ಎಂದು ಬಹಳ ಪ್ರೀತಿಯಿಂದ ಗಡುವು ಕೊಟ್ಟಿದ್ದಾರೆ.

ಆದಕಾರಣ ತಮ್ಮ ಘನತೆಗೆ ತಕ್ಕ ಸಾಧನ ಹುಡುಕಿದೆ. ಕೂತಲ್ಲಿಂದಲೇ ತಮ್ಮನ್ನು ಕೆಳಗೆಳೆಯುವ ಬರಿಯ ಹಗ್ಗವೊಂದಿದೆ, ಆದರೆ ತಾವು ಬಿದ್ದಲ್ಲೇ ನೀರು ಕುಡಿಯುತ್ತೀರಿ. ಇಲ್ಲಿನ ಅಂಬಿಗರಾದ ಮಲ್ಲಾಹರಲ್ಲೊಬ್ಬನನ್ನು ಮುಂದೆ ಕೂರಿಸಬಹುದು, ಆದರೆ ಹುಟ್ಟು ಹಾಕುವುದೇ ಮೇಲು ಎಂದು ಅವನು ದಾರಿಯುದ್ದಕ್ಕೂ ಉಪದೇಶ ಮಾಡುತ್ತಾನೆ. ಕೊನೆಗೆ ಮುಂಬಯಿಯಿಂದ ಹಿತ್ತಾಳೆಯ ಉರುಳೆ ತರಿಸಿ ತಮ್ಮ ಬುಡಕ್ಕೆ ಕೂರಿಸಿದೆ. ಅದಕ್ಕೆ ಸುತ್ತಿದ ಹಗ್ಗವನ್ನು ಎಳೆದರೆ ತಾವು ಚಾಪೆಯಂತೆ ಸುರುಳಿಯಾಗಬೇಕು.

ತಮ್ಮನ್ನೂ ಬಲಕ್ಕೆ ಸುತ್ತಿದೆ, ಹಗ್ಗವನ್ನೂ ಬಲಕ್ಕೆ ಸುತ್ತಿದೆ. ಎಡಸುತ್ತು ಹರಿಶ್ಚಂದ್ರ ಘಾಟಿನ ಚಿತೆಯ ಕೆಲಸಕ್ಕೆ ಮಾತ್ರ, ಹೊಸ ಸಾಮಾನಿಗೆ ಪ್ರದಕ್ಷಿಣೆಯೇ ಸರಿ ಎಂದು ಪಕ್ಕದ ಮನೆಯ ಅಂಬುಜಾಕ್ಷಿಯೂ ಉರುಳೆಗೆ ಕುಂಕುಮವಿಟ್ಟು ಹೇಳಿದಳು. ನಡುನೀರಿನಲ್ಲಿ ತಾವು ಬಿಚ್ಚಿಕೊಂಡಿರಿ, ಒಂದೇ ಕಡೆಗೆ ಸುತ್ತಿದ್ದರಿಂದ ಜೊತೆಗೆ ಉರುಳೆಯ ಹಗ್ಗವೂ ಬಿಚ್ಚಿಕೊಂಡಿತು. ಎಳೆದಷ್ಟೂ ಅದು ನನ್ನ ಮಡಿಲಿಗೇ ಬಂತು. ತಾವೋ, ಬೀಗರೂಟ ಮುಗಿಸಿದವರಂತೆ ಹೊಟ್ಟೆ ಬಿಟ್ಟುಕೊಂಡು ನನ್ನನ್ನು ಎದುರು ದಡದ ಕಲ್ಲಂಗಡಿ ಬಳ್ಳಿಗಳೊಳಗೆ ನುಗ್ಗಿಸಿದಿರಿ. ಕಾವಲಿನ ಮುದುಕ, ‘ಬಹೂಜೀ, ಹಣ್ಣು ಬೇಕಿದ್ದರೆ ಕೂಗಿದ್ದರೆ ಸಾಕಿತ್ತು’ ಎಂದ. ಯಜಮಾನರು ಹೋದ ಮೇಲೆ ನಾನು ನಕ್ಕದ್ದು ಅದೇ ಮೊದಲು. ತಮ್ಮ ಮೇಲಿನ ದೂರುಗಳಲ್ಲಿ ಇದೂ ಸೇರಲಿ.

ಅಲ್ಲೇ ಮರಳಿನ ಮೇಲೆ ಹಗ್ಗವನ್ನು ಎಡಕ್ಕೆ ಸುತ್ತಿದೆ. ಆ ಸುತ್ತು ನಮ್ಮ ಮನೆಗೆ ಆಗಲೇ ಬಂದು ಹೋಗಿದೆ, ಇನ್ನು ಅದಕ್ಕೆ ಹೆದರುವುದೇನು? ಎಳೆದೆ. ತಾವು ಮಗುವಿನಂತೆ ಮುದುಡಿಕೊಂಡಿರಿ.

ಭಾನುವಾರವೂ ಹೀಗೆಯೇ ವಿನಯದಿಂದಿರಬೇಕು, ಗಾಳಿಗೆ ಅರ್ಧ ದಿನ ರಜೆ ಕೊಡಿಸಬೇಕು, ಸಾಧ್ಯವಾದರೆ ಮೂತಿಯಿಂದ ಒಮ್ಮೆ ಯಜಮಾನರ ದನಿಯಲ್ಲಿ ನನ್ನನ್ನು ಗದರಿಸಬೇಕು ಎಂದು ಬೇಡುವ,

ಹಗ್ಗದ ಇನ್ನೊಂದು ತುದಿಯಲ್ಲಿರುವ ತಮ್ಮ ವಿಶ್ವಾಸಿ,
ವಸುಮತಿ

ತಾ.ಕ.: ಭಾನುವಾರ ಸಂಜೆ. ಕೇದಾರ ಘಾಟಿನ ಮೆಟ್ಟಿಲಿಗೆ ದೋಣಿ ತಾಗಿಸಿ, ಎಲ್ಲರೆದುರು ತಮ್ಮನ್ನು ಸುತ್ತಿ ತೋರಿಸಿದೆ. ಇಷ್ಟು ಸಲೀಸಾದ ದೋಣಿಗೆ ಗಿರಾಕಿ ಸುಲಭವಾಗಿ ಸಿಗುತ್ತಾನೆ ಎಂದು ಶೇಷಗಿರಿಯವರಿಗೆ ಬಲು ಸಂತೋಷವಾಯಿತು. ಕೂಡಲೇ ತಮ್ಮನ್ನು ಬಿಚ್ಚಿ ಹೊರಟೆ. ಅವರು ದಡದಿಂದ ಬಹಳ ಹೊತ್ತು ಕೈಬೀಸಿದರಂತೆ. ತಾವು ಅಷ್ಟಗಲ ಅಡ್ಡ ನಿಂತಿದ್ದರಿಂದ ನನಗೇನೂ ಕಾಣಿಸಲಿಲ್ಲ.