ಅತ್ತಿಯ ಕಾಲಿಗೆ ಗೆರೆ

ನಮ್ಮ ಅಪ್ಪನ ಅಕ್ಕ, ಅಂದರೆ ನಮ್ಮ ಅತ್ತಿಯ ಪ್ರಕಾರ ಲೋಕದಲ್ಲಿ ಇರುವುದು ಎರಡೇ ರೋಗ: ಒಂದು ದೃಷ್ಟಿ, ಇನ್ನೊಂದು ಉಷ್ಣ. ಮಿಕ್ಕವೆಲ್ಲ ಡಾಕ್ಟರರು ಹುಟ್ಟಿಸಿದವು!

ನನ್ನ ಬಾಣಂತನಕ್ಕೆ ತನ್ನೂರು ಇಜೇರಿಯಿಂದ ಆಳಂದದ ನನ್ನ ತವರಿಗೆ ಬಂದಿದ್ದಳು. ಕೂಸು ನೋಡಲು ಬಂದ ನನ್ನ ಗಂಡ ತಲೆನೋವು ಎಂದದ್ದೇ ತಡ, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಓಣಿಯೆಲ್ಲ ಕೆಮ್ಮಿತು. ತಲೆನೋವು ಹೋಯಿತೇ? ಹೋಯಿತೆಂದರು ಪಾಪ. ಇಲ್ಲವೆಂದರೆ ಮತ್ತೆ ಸುಡುತ್ತಾಳಲ್ಲ!

ದಿನಾ ಕಾಲು ಚಾಚಿ ಕೂತು, ಅದರ ಮೇಲೆ ಕೂಸನ್ನು ಮಲಗಿಸಿ ನೀರೆರೆಯುವುದು ಅವಳದೇ ಹಕ್ಕು. ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ, "ಇನ್ನ ನಿಮ್ಮವ್ವ ಎರೀಲಿ" ಎಂದುಬಿಟ್ಟಳು.

"ಯಾಕತ್ತಿ?"

"ನಿನ್ನ ಮಗಳು ಭಾಳ ಒದೀತಾಳ!"

ಒಂದು ತಿಂಗಳ ಕೂಸು ಎಷ್ಟು ಒದ್ದೀತು! ಕೂಸನ್ನು ಎತ್ತಿಕೊಳ್ಳುವುದನ್ನೂ ಬಿಟ್ಟಳು. ನನಗೆ ಒಳಗೊಳಗೇ ಬೇಜಾರು. ಸಂಜೆ ಅವಳು ಕುಂಟುವುದನ್ನು ಕಂಡು ಅವ್ವ ಸೀರೆ ಸರಿಸಿ ನೋಡಿದರೆ, ಕಾಲು ಮೊಣಕಾಲಿನ ಹತ್ತಿರದವರೆಗೂ ಕೆಂಪಾಗಿ, ಬಾತು, ಹೆಂಚಿನ ಹಾಗೆ ಸುಡುತ್ತಿತ್ತು. ಒಡೆದ ಹಿಮ್ಮಡಿಗೆ ಅರಿಶಿನ, ಸುಣ್ಣ ಮೆತ್ತಿದ್ದಳು.

"ಇದೇನ್ರಿ ಅಕ್ಕಾರ!"

"ಉಷ್ಣ."

"ಉಷ್ಣಕ್ಕ ಹಿಂಗ ಥಂಡಿ ಹತ್ತಿ ನಡಗ್ತಾರೇನ್ರಿ?"

ಅತ್ತಿ ಆಸ್ಪತ್ರೆಗೆ ಹೊರಡಲು ಒಪ್ಪಿದಳು. ಜೀವಮಾನದಲ್ಲೇ ಮೊದಲ ಸಲ!

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಸಕ್ಕರೆ ಕಾಯಿಲೆ ಇದೆಯೇ ಎಂದೂ ಪರೀಕ್ಷೆ ಮಾಡಿಸಿದರು. "ಹಿಮ್ಮಡಿ ಬಿರುಕಿನಾಗಿಂದ ಬ್ಯಾಕ್ಟೀರಿಯಾ ತೊಗಲಿನ ಒಳಗ ಇಳದಾವ್ರಿ. ಅರಿಶಿನಕ್ಕ ಹೋಗಂಗಿಲ್ಲ" ಎಂದು ಇಂಜೆಕ್ಷನ್ ಕೊಟ್ಟು, ಗುಳಿಗೆ ಬರೆದರು. ಕೆಂಪಿನ ಅಂಚಿಗೆ ಪೆನ್ನಿನಿಂದ ಗೆರೆ ಎಳೆದರು. "ಕೆಂಪು ಈ ಗೆರಿ ದಾಟಿದ್ರ ತಡಾ ಮಾಡಬ್ಯಾಡ್ರಿ. ಬಂದು ಅಡ್ಮಿಟ್ ಆಗ್ರಿ."

ಮನೆಯಲ್ಲಿ ಅತ್ತಿ ಕಾಲನ್ನು ದಿಂಬಿನ ಮೇಲೇರಿಸಿ ಕಾವಲು ಕೂತಳು. "ಹೊಲದ ಬದು ಒತ್ತಿದವರನ್ನ ಬಿಟ್ಟಿಲ್ಲ ನಾ. ದಾಟು ನೋಡೂಣು!" ದಾಟಲಿಲ್ಲ. ಜ್ವರ ಬಿಟ್ಟಿತು, ಕೆಂಪು ಹಿಂದೆ ಸರಿಯಿತು. ಆದರೆ ನೋವು ಕಡಿಮೆಯಾದದ್ದೇ ಅತ್ತಿ ಗುಳಿಗೆ ನಿಲ್ಲಿಸಿಬಿಟ್ಟಳು! ಅವ್ವ ಬೇಡಿಕೊಂಡರೂ ಕೇಳಲಿಲ್ಲ. ಬೆಳಗಾದ ಕೂಡಲೇ ಮತ್ತೆ ಆಸ್ಪತ್ರೆಗೆ ಎಳೆದುಕೊಂಡು ಹೋದೆವು.

"ಅರ್ಧಕ್ಕ ಬಿಟ್ರ ಹೊಳ್ಳಿ ಬರ್ತದ್ರಿ. ಪೂರಾ ಮುಗಸಬೇಕು" ಎಂದು ಡಾಕ್ಟರಮ್ಮ ಗದರಿದರು. ಅತ್ತಿ ಏಳಲಿಲ್ಲ. ನನ್ನ ಮಡಿಲಿನ ಕೂಸಿನ ಕಡೆ ನೋಡದೆ, ಸಣ್ಣ ದನಿಯಲ್ಲಿ ಕೇಳಿದಳು:

"ನಂಗ ಗೊತ್ತಾಗದೆ ಈ ಕಾಲಿನ ಮ್ಯಾಲ ಕೂಸಿಗಿ ನೀರು ಎರದೀನ್ರಿ. ಅದಕ್ಕೇನೂ ಹತ್ತಿಲ್ಲಲ್ರಿ?"

ಡಾಕ್ಟರಮ್ಮ ಕೂಸಿನ ಮೈಯೆಲ್ಲ ನೋಡಿದರು. "ಇದು ಹಂಗ ಹತ್ತೂ ರೋಗ ಅಲ್ಲವ್ವ. ಕೂಸು ಆರಾಮ ಅದ."

ಅತ್ತಿ ಅಲ್ಲೇ ನೀರು ಕೇಳಿ ಗುಳಿಗೆ ನುಂಗಿದಳು. ಸೆರಗಿನಿಂದ ಕಣ್ಣು ಒರೆಸಿಕೊಂಡು, ನನ್ನ ಕಡೆ ಎರಡೂ ಕೈ ಚಾಚಿದಳು.

"ಕೂಸಿನ್ನ ತಾ ಬೇ ಇಲ್ಲಿ. ಜೀವ ತಡೀವಲ್ದು."